ತರಕಾರಿ ತ್ಯಾಜ್ಯ ಹಾಕಿದ ಡೈಜೆಸ್ಟರ್ ಹುಳಿಯಾಗುವುದೇಕೆ, ಸರಿಪಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಸಾಮೂಹಿಕ ಅಡುಗೆಮನೆಯಲ್ಲಿ ದಿನಕ್ಕೆ ಸುಮಾರು 80 ಕಿಲೋ ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಕೆಟ್ಟ ಕಾಯಿಗಳು ಉಳಿಯುತ್ತವೆ. 3 ಘನಮೀಟರ್ ಬಗ್ಗಡ ಹಿಡಿಯುವ, ಡ್ರಮ್ಮು ತೇಲುವ ಮಾದರಿಯ ಡೈಜೆಸ್ಟರ್ (ಜೈವಿಕ ಅನಿಲದ ತೊಟ್ಟಿ) ಕಟ್ಟಿಸಿ, ಮೊದಲು ಸಗಣಿ ಹಾಕಿ ನಡೆಸಿದೆವು. ತಿಂಗಳೊಳಗೆ ಒಲೆ ಚೆನ್ನಾಗಿ ಉರಿಯಿತು. ಆಮೇಲೆ ಸಗಣಿ ನಿಲ್ಲಿಸಿ, 80 ಕಿಲೋ ತರಕಾರಿಯನ್ನೂ ನುಣ್ಣಗೆ ರುಬ್ಬಿ, ಅಷ್ಟೇ ನೀರು ಬೆರೆಸಿ ಹಾಕತೊಡಗಿದೆವು. ಐದಾರು ದಿನ ಅನಿಲ ಮೊದಲಿಗಿಂತ ಹೆಚ್ಚು ಬಂತು. ಈಗ ಎರಡು ವಾರವಾಗಿದೆ. ಡ್ರಮ್ಮು ಸ್ವಲ್ಪ ಏಳುತ್ತದೆ, ಒಲೆ ಮಾತ್ರ ಹತ್ತುವುದಿಲ್ಲ. ಹೊರಬರುವ ಬಗ್ಗಡಕ್ಕೆ ಹುಳಿ ನಾತ. ಸುಣ್ಣ ಹಾಕಿ ಎಂದು ಕೆಲವರು ಹೇಳುತ್ತಾರೆ. ಏನು ಮಾಡಬೇಕು? ಸರಿಹೋದ ಮೇಲೆ ಈ ಅನಿಲವನ್ನು ಅಡುಗೆ ಅನಿಲದ ಸಿಲಿಂಡರಿಗೆ ತುಂಬಿಸಿ ವಾಹನಕ್ಕೆ ಬಳಸಬಹುದೇ?

ಉತ್ತರ: ನಿಮ್ಮ ಡೈಜೆಸ್ಟರ್ ಕೆಟ್ಟಿಲ್ಲ, ಅದಕ್ಕೆ ಅಜೀರ್ಣವಾಗಿದೆ. ಹೀಗಾದಾಗ ಬಹಳ ಮಂದಿ ತರಕಾರಿ ಸರಿಯಾಗಿ ಕೊಳೆಯುತ್ತಿಲ್ಲವೆಂದು ಭಾವಿಸಿ ಇನ್ನೂ ನುಣ್ಣಗೆ ರುಬ್ಬುತ್ತಾರೆ, ಇನ್ನಷ್ಟು ನೀರು ಬೆರೆಸುತ್ತಾರೆ, ಕೊಳೆಯುವುದನ್ನು ಚುರುಕುಗೊಳಿಸುವ ಪುಡಿಗಳನ್ನು ತಂದು ಸುರಿಯುತ್ತಾರೆ. ನಿಜಸ್ಥಿತಿ ಇದಕ್ಕೆ ತದ್ವಿರುದ್ಧವಾದದ್ದು. ತರಕಾರಿ ಅತಿ ಬೇಗ ಕೊಳೆಯುತ್ತಿದೆ, ಕೊಳೆತದ್ದನ್ನು ಮೀಥೇನ್ ಎಂಬ ಉರಿಯುವ ಅನಿಲವಾಗಿಸುವ ಜೀವಿಗಳು ಆ ವೇಗಕ್ಕೆ ಸರಿಸಮನಾಗಿ ದುಡಿಯಲಾರದೆ ಹಿಂದೆ ಬಿದ್ದಿವೆ. ತರಕಾರಿ ತ್ಯಾಜ್ಯದಿಂದ ಇಂಧನ ಪಡೆಯುವ ವಿದ್ಯೆಯೆಲ್ಲ ಈ ಎರಡು ವೇಗಗಳನ್ನು ಹೊಂದಿಸುವುದರಲ್ಲಿದೆ. ಆದ್ದರಿಂದ ಪರಿಹಾರಕ್ಕೆ ಮೊದಲು ಒಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಸಾವಯವ ವಸ್ತು ನಾಲ್ಕು ಕೈಗಳನ್ನು ದಾಟಿ ಅನಿಲವಾಗುತ್ತದೆ. ಮೊದಲ ಗುಂಪಿನ ಬ್ಯಾಕ್ಟೀರಿಯಾಗಳು ಪಿಷ್ಟ, ಪೆಕ್ಟಿನ್, ಸೆಲ್ಯುಲೋಸ್, ಪ್ರೋಟೀನುಗಳನ್ನು ತಮ್ಮ ಕಿಣ್ವಗಳಿಂದ ಒಡೆದು ಸಕ್ಕರೆ, ಅಮೈನೋ ಆಮ್ಲಗಳಂತಹ ಸಣ್ಣ ಅಣುಗಳಾಗಿಸುತ್ತವೆ. ಎರಡನೆಯ ಗುಂಪು ಅವನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನೂ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡನ್ನೂ ಮಾಡುತ್ತದೆ. ಮೂರನೆಯದು ಅಸಿಟಿಕ್‌ಗಿಂತ ಉದ್ದ ಸರಪಣಿಯ ಆಮ್ಲಗಳನ್ನು ಅಸಿಟಿಕ್ ಆಮ್ಲಕ್ಕೆ ಇಳಿಸುತ್ತದೆ. ಕೊನೆಯಲ್ಲಿ ಮೀಥೇನ್‌ಜನಕಗಳು ಬರುತ್ತವೆ. ಇವು ಬ್ಯಾಕ್ಟೀರಿಯಾಗಳೇ ಅಲ್ಲ. ಆರ್ಕಿಯಾ ಎಂಬ ಬೇರೆಯೇ ಜೀವವರ್ಗಕ್ಕೆ ಸೇರಿದವು ಎಂದು 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು. ಸಾಮಾನ್ಯವಾಗಿ ಒಟ್ಟು ಮೀಥೇನಿನ ಮೂರನೇ ಎರಡು ಭಾಗದಷ್ಟು ಅಸಿಟಿಕ್ ಆಮ್ಲದಿಂದಲೂ ಉಳಿದದ್ದು ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಕೂಡುವುದರಿಂದಲೂ ಹುಟ್ಟುತ್ತದೆ. ಹುಳಿ ಮಾಡುವ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾಗಬಲ್ಲವು. ಅಸಿಟಿಕ್ ಆಮ್ಲವನ್ನು ತಿಂದು ಬದುಕುವ ಮೀಥೇನ್‌ಜನಕಗಳಿಗೆ ಅದಕ್ಕೆ ಹಲವು ದಿನಗಳೇ ಬೇಕು. ನೀವು ಒಮ್ಮೆಲೇ ಆಹಾರ ಹೆಚ್ಚಿಸಿದಾಗ ಮೊದಲಿನವು ಅಂದೇ ಸಂಜೆಯೊಳಗೆ ತಮ್ಮ ಸಂಖ್ಯೆ ಹೆಚ್ಚಿಸಿಕೊಂಡವು, ಕೊನೆಯವು ಇದ್ದಷ್ಟೇ ಉಳಿದವು.

ಇವುಗಳ ನಂಟು ಬರೀ ವೇಗದ್ದಲ್ಲ, ಪರಸ್ಪರ ಅವಲಂಬನೆಯದೂ ಹೌದು. ಎಥನಾಲನ್ನು ಮೀಥೇನ್ ಆಗಿಸುವ ಒಂದು ಸೂಕ್ಷ್ಮಜೀವಿಯನ್ನು ವಿಜ್ಞಾನಿಗಳು ದಶಕಗಳ ಕಾಲ ಒಂದೇ ಜೀವಿ ಎಂದು ನಂಬಿದ್ದರು. 1967ರಲ್ಲಿ ಮಾರ್ವಿನ್ ಬ್ರಯಂಟ್ ಮತ್ತು ಸಂಗಡಿಗರು ಅದು ವಾಸ್ತವದಲ್ಲಿ ಎರಡು ಜೀವಿಗಳ ಜೋಡಿ ಎಂದು ಕಂಡುಕೊಂಡರು. ಒಂದು ಎಥನಾಲಿನಿಂದ ಅಸಿಟಿಕ್ ಆಮ್ಲ ಮಾಡಿ ಹೈಡ್ರೋಜನ್ ಬಿಡುತ್ತದೆ, ಇನ್ನೊಂದು ಆ ಹೈಡ್ರೋಜನನ್ನು ಆಗಿಂದಾಗಲೇ ತಿಂದು ಮೀಥೇನ್ ಮಾಡುತ್ತದೆ. ಹೈಡ್ರೋಜನ್ ಜಮೆಯಾದರೆ ಮೊದಲನೆಯದರ ಕೆಲಸವೂ ನಿಂತುಹೋಗುತ್ತದೆ. ನಿಮ್ಮ ತೊಟ್ಟಿಯಲ್ಲೂ ಇದೇ ಕಥೆ. ಪ್ರೊಪಿಯೋನಿಕ್ ಆಮ್ಲ ಒಡೆಯಬೇಕಾದರೆ ಹೈಡ್ರೋಜನಿನ ಒತ್ತಡ ವಾಯುಮಂಡಲದ ಒತ್ತಡದ ಹತ್ತು ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಮೀಥೇನ್‌ಜನಕಗಳು ಸೊರಗಿದರೆ ಹೈಡ್ರೋಜನ್ ಉಳಿಯುತ್ತದೆ, ಅದು ಉಳಿದರೆ ಪ್ರೊಪಿಯೋನಿಕ್ ಆಮ್ಲ ಕೂಡಿಹಾಕಿಕೊಳ್ಳುತ್ತದೆ, ಆಮ್ಲ ಹೆಚ್ಚಿದರೆ ಮೀಥೇನ್‌ಜನಕಗಳು ಇನ್ನಷ್ಟು ಸೊರಗುತ್ತವೆ. ಹುಳಿ ಒಮ್ಮೆ ಶುರುವಾದರೆ ತಾನಾಗಿಯೇ ಬೆಳೆಯುತ್ತ ಹೋಗುವುದು ಈ ಸುತ್ತಿನಿಂದಲೇ.

ಸಗಣಿ ಹಾಕಿದಾಗ ಹೀಗೇಕೆ ಆಗಲಿಲ್ಲ? ಸುಲಭವಾಗಿ ಜೀರ್ಣವಾಗುವ ಭಾಗವನ್ನೆಲ್ಲ ಹಸು ಮೊದಲೇ ತಿಂದು ಮುಗಿಸಿರುತ್ತದೆ. ಸಗಣಿಯಲ್ಲಿ ಉಳಿಯುವುದು ನಾರು, ಅದು ನಿಧಾನವಾಗಿ ಒಡೆಯುತ್ತದೆ. ಜೊತೆಗೆ ಸಗಣಿಯಲ್ಲಿ ಮೀಥೇನ್‌ಜನಕಗಳು ಬೀಜರೂಪದಲ್ಲಿ ಸಿದ್ಧವಾಗಿರುತ್ತವೆ, ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಕೂಡ ಹೇರಳವಾಗಿರುತ್ತದೆ. ತರಕಾರಿಯಲ್ಲಿ ಇವೆರಡೂ ಕಡಿಮೆ. ಅದರ ಸಕ್ಕರೆ, ಪಿಷ್ಟ, ಪೆಕ್ಟಿನ್‌ಗಳು ಗಂಟೆಗಳಲ್ಲಿ ಆಮ್ಲವಾಗಿಬಿಡುತ್ತವೆ. ಪ್ರೋಟೀನು ಅಲ್ಪವಾದ್ದರಿಂದ, ಅದು ಒಡೆದಾಗ ಹುಟ್ಟುವ ಅಮೋನಿಯಾದಿಂದ ಸಿಗಬೇಕಾದ ಕ್ಷಾರದ ಬಲವೂ ಅಲ್ಪವೇ.

ಈಗ ಲೆಕ್ಕಕ್ಕೆ ಬರೋಣ. ತರಕಾರಿಯನ್ನು ಹಸಿ ತೂಕದಲ್ಲಿ ಅಳೆಯುವುದು ಎಲ್ಲರೂ ಮಾಡುವ ತಪ್ಪು. ಸೌತೆಕಾಯಿಯಲ್ಲಿ ಶೇ. 95ರಷ್ಟು, ಎಲೆಕೋಸಿನಲ್ಲಿ ಸುಮಾರು ಶೇ. 92ರಷ್ಟು, ಕ್ಯಾರೆಟ್ಟಿನಲ್ಲಿ ಶೇ. 88ರಷ್ಟು ನೀರೇ ಇದೆ, ಆಲೂಗಡ್ಡೆಯಲ್ಲಿ ಶೇ. 80ರ ಆಸುಪಾಸು. ಅಂದರೆ ಒಂದು ಕಿಲೋ ಆಲೂಗಡ್ಡೆ ತೊಟ್ಟಿಯ ಪಾಲಿಗೆ ನಾಲ್ಕು ಕಿಲೋ ಸೌತೆಕಾಯಿಗೆ ಸಮ, ಅದರಲ್ಲೂ ಬಹುಪಾಲು ಪಿಷ್ಟ. ಎಲ್ಲ ಬೆರೆತ ತ್ಯಾಜ್ಯದಲ್ಲಿ ಒಣ ಅಂಶ ಶೇ. 10 ಎಂದೂ ಅದರ ಶೇ. 90 ಸಾವಯವ ಎಂದೂ ಇಟ್ಟುಕೊಂಡರೆ, ನಿಮ್ಮ 80 ಕಿಲೋದಲ್ಲಿ 7.2 ಕಿಲೋ ಸಾವಯವ ಒಣ ಅಂಶವಿದೆ. 3 ಘನಮೀಟರಿಗೆ ಹಂಚಿದರೆ ಪ್ರತಿ ಘನಮೀಟರಿಗೆ ದಿನಕ್ಕೆ 2.4 ಕಿಲೋ. ಒಂದೇ ತೊಟ್ಟಿಯ, ಕಲಕುವ ಯಂತ್ರವಾಗಲಿ ಬಿಸಿಮಾಡುವ ಏರ್ಪಾಡಾಗಲಿ ಇಲ್ಲದ ಡೈಜೆಸ್ಟರಿನಲ್ಲಿ ತರಕಾರಿಗೆ 1.5 ಕಿಲೋ ಸುರಕ್ಷಿತ, 2 ಕಿಲೋ ಕೊನೆಯ ಮಿತಿ ಎಂಬುದು ನನ್ನ ಅಭಿಪ್ರಾಯ. ನೀವು ಆ ಮಿತಿಯನ್ನು ದಾಟಿದ್ದಷ್ಟೇ ಅಲ್ಲ, ಸಗಣಿಗೆ ಒಗ್ಗಿದ ತೊಟ್ಟಿಗೆ ಅಷ್ಟನ್ನೂ ಒಂದೇ ದಿನದಲ್ಲಿ ಹೇರಿದ್ದೀರಿ.

ನೀರು ಬೆರೆಸಿದ್ದು ಎರಡನೆಯ ಪೆಟ್ಟು. ದಿನಕ್ಕೆ 160 ಲೀಟರ್ ಒಳಗೆ ಹೋದರೆ 160 ಲೀಟರ್ ಹೊರಗೆ ಬರಲೇಬೇಕು. 3,000 ಲೀಟರಿನ ತೊಟ್ಟಿ ಸುಮಾರು 19 ದಿನಗಳಲ್ಲಿ ಪೂರ್ತಿ ಬದಲಾಗಿಬಿಡುತ್ತದೆ. ನಿಧಾನವಾಗಿ ಹೆಚ್ಚುವ ಜೀವಿಗಳು ಹುಟ್ಟುವುದಕ್ಕಿಂತ ಬೇಗ ಬಗ್ಗಡದೊಂದಿಗೆ ಕೊಚ್ಚಿಹೋಗುತ್ತಿವೆ. ಸಗಣಿಗೆ ಸಮನಾಗಿ ನೀರು ಬೆರೆಸುವ ಪದ್ಧತಿ ಸಗಣಿ ಗಟ್ಟಿಯಾಗಿರುವುದರಿಂದ ಬಂದದ್ದು. ತರಕಾರಿಯೊಳಗೇ ಹತ್ತರಲ್ಲಿ ಒಂಬತ್ತು ಪಾಲು ನೀರಿರುವಾಗ ಆ ಪದ್ಧತಿಯನ್ನು ಅದಕ್ಕೂ ಹಚ್ಚುವುದರಲ್ಲಿ ಅರ್ಥವಿಲ್ಲ.

ಮೊದಲ ಐದಾರು ದಿನ ಹೆಚ್ಚು ಬಂದ ಅನಿಲದಲ್ಲಿ ಸ್ವಲ್ಪ ಪಾಲು ನಿಜವಾದ ಮೀಥೇನೇ ಇದ್ದಿರಬೇಕು, ಆದರೆ ದಿನಗಳೆದಂತೆ ಇಂಗಾಲದ ಡೈಆಕ್ಸೈಡಿನ ಪಾಲು ಏರುತ್ತ ಹೋಗಿದೆ. ಹುಳಿಯಾಗುವಾಗ ಬೈಕಾರ್ಬನೇಟಿನ ಮೇಲೆ ಆಮ್ಲ ಬಿದ್ದು ಹೊರಬರುವುದೂ ಅದೇ ಡೈಆಕ್ಸೈಡ್. ಆದ್ದರಿಂದ ಡ್ರಮ್ಮು ಏಳುವುದು ಆರೋಗ್ಯದ ಗುರುತಲ್ಲ. ಮೀಥೇನ್ ಶೇ. 45ರ ಕೆಳಗೆ ಇಳಿದರೆ ಸಾಮಾನ್ಯ ಒಲೆಯಲ್ಲಿ ಜ್ವಾಲೆ ನಿಲ್ಲುವುದಿಲ್ಲ. ಹತ್ತಿದರೂ ಬರ್ನರಿನಿಂದ ಮೇಲಕ್ಕೆ ಹಾರಿ ಆರಿಹೋಗುತ್ತದೆ. ಹುಳಿ ಎಷ್ಟೆಂದು ತೋರಿಸುವ (ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಪಿಎಚ್ ಕಾಗದವೊಂದನ್ನೇ ನಂಬಿ ಕುಳಿತವರೂ ಇಲ್ಲಿ ಮೋಸಹೋಗುತ್ತಾರೆ. ತೊಟ್ಟಿಯಲ್ಲಿರುವ ಬೈಕಾರ್ಬನೇಟ್ ಮುಗಿಯುವ ತನಕ ಪಿಎಚ್ ಹೆಚ್ಚುಕಡಿಮೆ ಅಲ್ಲಾಡದೆ ನಿಂತಿರುತ್ತದೆ, ಮುಗಿದ ಮೇಲೆ ಒಂದೆರಡು ದಿನಗಳಲ್ಲಿ ಕುಸಿಯುತ್ತದೆ. ಪಿಎಚ್ ಇಳಿದದ್ದು ನಿಮಗೆ ಕಾಣುವ ಹೊತ್ತಿಗೆ ರೋಗಕ್ಕೆ ವಾರದ ವಯಸ್ಸಾಗಿರುತ್ತದೆ.

ಸುಣ್ಣದ ವಿಷಯದಲ್ಲಿ ದಯವಿಟ್ಟು ಆತುರಪಡಬೇಡಿ. ಈ ಕೆಲಸಕ್ಕಿಳಿದ ಮೊದಮೊದಲ ವರ್ಷಗಳಲ್ಲಿ ಇಂಥದೇ ಹುಳಿಯಾದ ತೊಟ್ಟಿಗೆ ನಾನು ಬಕೆಟ್ಟುಗಟ್ಟಲೆ ಸುಣ್ಣದ ತಿಳಿ ಹಾಕಿಸಿದ್ದೆ. ಸಂಜೆಯೊಳಗೆ ಪಿಎಚ್ 8ರ ಹತ್ತಿರ ಹೋಯಿತು, ತೇಲುತ್ತಿದ್ದ ಡ್ರಮ್ಮು ನೋಡನೋಡುತ್ತ ಕುಸಿದು ಬಗ್ಗಡದ ಮೇಲೆ ಕುಳಿತಿತು, ಮೂರನೆಯ ದಿನ ಪಿಎಚ್ ಮತ್ತೆ 6ಕ್ಕೆ ಇಳಿದಿತ್ತು. ಆಗ ನನಗೆ ತಿಳಿಯದ ಕಾರಣ ಇಷ್ಟೇ: ಸುಣ್ಣ ಅನಿಲದೊಳಗಿನ ಇಂಗಾಲದ ಡೈಆಕ್ಸೈಡನ್ನೇ ಹೀರಿಕೊಂಡು ಕೊನೆಗೆ ಸುಣ್ಣದ ಕಲ್ಲಿನ ಪುಡಿಯಾಗಿ ತಳಕ್ಕಿಳಿಯುತ್ತದೆ. ಡ್ರಮ್ಮು ತೇಲುವ ಮಾದರಿಯಲ್ಲಿ ಡ್ರಮ್ಮು ಇಳಿಯುತ್ತದೆ. ಗುಮ್ಮಟ ಕಟ್ಟಿದ ಮಾದರಿಯಲ್ಲಾದರೆ ಒಳಗೆ ಒತ್ತಡ ಕುಸಿದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುವ ಅಪಾಯವಿದೆ. ಪಿಎಚ್ ಹೀಗೆ ಮೇಲಕ್ಕೂ ಕೆಳಕ್ಕೂ ಜೀಕುವುದು ಮೊದಲೇ ಬಳಲಿದ ಜೀವಿಗಳಿಗೆ ಹುಳಿಗಿಂತ ದೊಡ್ಡ ಪೆಟ್ಟು.

ನೀವು ಇವತ್ತೇ ಮಾಡಬೇಕಾದದ್ದು ತರಕಾರಿ ಹಾಕುವುದನ್ನು ಪೂರ್ತಿ ನಿಲ್ಲಿಸುವುದು. ತೊಟ್ಟಿ ಖಾಲಿ ಮಾಡಬೇಡಿ. ಉಳಿದಿರುವ ಮೀಥೇನ್‌ಜನಕಗಳು ಆ ಬಗ್ಗಡದಲ್ಲೇ ಇವೆ. ಹೊರಗುಂಡಿಯಿಂದ ಗಾಜಿನ ಲೋಟದಲ್ಲಿ ಸ್ವಲ್ಪ ಬಗ್ಗಡ ತೆಗೆದು ಬೆಳಕಿಗೆ ಹಿಡಿದು ನೋಡಿ, ಮೂಸಿ ನೋಡಿ. ಆರೋಗ್ಯವಾಗಿರುವ ಬಗ್ಗಡ ಕಪ್ಪುಗಂದು ಬಣ್ಣದ್ದು, ಅದಕ್ಕೆ ಒದ್ದೆ ಮಣ್ಣಿನ ವಾಸನೆಯ ಜೊತೆ ಸಣ್ಣಗೆ ಅಮೋನಿಯಾದ ಘಾಟು ಇರುತ್ತದೆ. ಹುಳಿಯಾದದ್ದು ಬೂದು ಅಥವಾ ಹಳದಿಗೆ ತಿರುಗಿ, ಮೇಲೆ ನೊರೆ ಕಟ್ಟಿ, ವಿನೆಗರಿನಂತೆ ಮೂಗಿಗೆ ಚುಚ್ಚುತ್ತದೆ. ಬ್ಯುಟಿರಿಕ್ ಆಮ್ಲ ಹೆಚ್ಚಾಗಿದ್ದರೆ ಹಳಸಿದ ಬೆಣ್ಣೆಯ ನಾತ ಬರುತ್ತದೆ. ಪಿಎಚ್ 6.5ಕ್ಕಿಂತ ಮೇಲಿದ್ದರೆ ಬರೀ ಉಪವಾಸ ಸಾಕು, ಒಂದರಿಂದ ಎರಡು ವಾರಗಳಲ್ಲಿ ಮೀಥೇನ್‌ಜನಕಗಳು ಕೂಡಿಬಿದ್ದ ಆಮ್ಲವನ್ನು ತಾವಾಗಿಯೇ ತಿಂದು ಮುಗಿಸುತ್ತವೆ.

6.5ಕ್ಕಿಂತ ಕೆಳಗಿದ್ದರೆ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್, ಬಳಸಿ. ಇದು ಡೈಆಕ್ಸೈಡನ್ನು ಸುಣ್ಣದಂತೆ ಕಸಿಯುವುದಿಲ್ಲ, ಪಿಎಚ್ಚನ್ನು ಹದ ಮೀರಿ ಏರಿಸುವುದೂ ಇಲ್ಲ. ನಿಮ್ಮ ತೊಟ್ಟಿಗೆ ದಿನಕ್ಕೆ ಒಂದು ಕಿಲೋದಂತೆ, ಬೇಕಾದಷ್ಟು ನೀರಲ್ಲಿ ಪೂರ್ತಿ ಕರಗಿಸಿ, ಮೂರು ದಿನ ನಿಧಾನವಾಗಿ ಸುರಿದು ಕಲಕಿ. ಇದರಿಂದ ಲೀಟರಿಗೆ ಸುಮಾರು 0.27 ಗ್ರಾಂ ಸೋಡಿಯಂ ಸೇರುತ್ತದೆ. ಸೋಡಿಯಂ ಮೀಥೇನ್‌ಜನಕಗಳನ್ನು ಬಾಧಿಸತೊಡಗುವುದು ಲೀಟರಿಗೆ 3.5 ಗ್ರಾಂ ದಾಟಿದ ಮೇಲೆ. ಹಾಗೆಂದು ತಿಂಗಳು ತಿಂಗಳೂ ಸೋಡಾ ಹಾಕಿ ನಡೆಸುವುದು ಸರಿಯಲ್ಲ, ಅದು ಜ್ವರ ಇಳಿಸುವ ಮಾತ್ರೆಯಿದ್ದಂತೆ. ಅದಕ್ಕಿಂತ ಹೆಚ್ಚು ಉಪಕಾರಿಯಾದದ್ದು ಚೆನ್ನಾಗಿ ಉರಿಯುವ ಇನ್ನೊಂದು ಸಗಣಿ ಡೈಜೆಸ್ಟರಿನ ಬಗ್ಗಡ. 400-500 ಲೀಟರ್ ಹುಳಿ ಬಗ್ಗಡ ಹೊರತೆಗೆದು ಅಷ್ಟೇ ಒಳ್ಳೆಯ ಬಗ್ಗಡ ಹಾಕಿದರೆ ಜೀವಿಗಳೂ ಕ್ಷಾರವೂ ಒಟ್ಟಿಗೆ ಬಂದಂತಾಗುತ್ತದೆ. ಹೊರತೆಗೆದ ಹುಳಿ ಬಗ್ಗಡವನ್ನು ನೇರವಾಗಿ ಗಿಡದ ಬುಡಕ್ಕೆ ಸುರಿಯದೆ ಗೊಬ್ಬರದ ಗುಂಡಿಗೆ ಹಾಕಿ.

ಪಿಎಚ್ 6.8ರ ಮೇಲೆ ಸತತ ಮೂರು ದಿನ ನಿಂತು, ಜ್ವಾಲೆ ನೀಲಿಯಾಗಿ ಬರ್ನರಿಗೆ ಅಂಟಿಕೊಂಡು ಉರಿಯತೊಡಗಿದ ಮೇಲೆ ಮತ್ತೆ ಆರಂಭಿಸಿ. ಮೊದಲ ವಾರ ದಿನಕ್ಕೆ 10 ಕಿಲೋ ತರಕಾರಿ, 5 ಕಿಲೋ ಸಗಣಿ. ಜ್ವಾಲೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ತರಕಾರಿಯನ್ನು ವಾರಕ್ಕೆ 10 ಕಿಲೋದಂತೆ ಹೆಚ್ಚಿಸುತ್ತ 50 ಕಿಲೋದಲ್ಲಿ ನಿಲ್ಲಿಸಿ, ಸಗಣಿ ಮಾತ್ರ ದಿನಕ್ಕೆ 5 ಕಿಲೋದಂತೆ ಕೊನೆತನಕ ಇರಲಿ. ನಿಮ್ಮ ತೊಟ್ಟಿಯ ಯೋಗ್ಯತೆ ಅಷ್ಟು. ಉಳಿದ 30 ಕಿಲೋಗೆ ಇನ್ನೊಂದು 2 ಘನಮೀಟರಿನ ತೊಟ್ಟಿ ಬೇಕು, ಇಲ್ಲವೇ ಅದನ್ನು ಕಾಂಪೋಸ್ಟ್ ಮಾಡಬೇಕು. ಎಂಟು ದಿನದ್ದನ್ನು ಕೂಡಿಟ್ಟು ಒಮ್ಮೆಲೇ ಹಾಕುವುದಂತೂ ಬೇಡವೇ ಬೇಡ. ಸಾಧ್ಯವಾದರೆ ಒಂದು ದಿನದ್ದನ್ನೂ ಬೆಳಗ್ಗೆ ಸಂಜೆ ಎಂದು ಎರಡು ಪಾಲು ಮಾಡಿ.

ರುಬ್ಬುವ ಯಂತ್ರವನ್ನು ಬದಿಗಿಡಿ. ಒಂದೆರಡು ಸೆಂಟಿಮೀಟರಿನ ಚೂರುಗಳಾಗಿ ಹೆಚ್ಚಿದರೆ ಮೆದು ತರಕಾರಿಗೆ ಅಷ್ಟೇ ಸಾಕು. ನುಣ್ಣಗಾದಷ್ಟೂ ಆಮ್ಲ ಬೇಗ ಹುಟ್ಟುತ್ತದೆ. ನಾರಿನ ದಂಟು, ಜೋಳದ ಸಿಪ್ಪೆಯಂಥವನ್ನು ಮಾತ್ರ ಸಣ್ಣದಾಗಿಸಬೇಕು, ಇಲ್ಲದಿದ್ದರೆ ಅವು ಮೇಲೆ ತೇಲಿ ಕೆನೆಗಟ್ಟಿ ಅನಿಲವನ್ನು ತಡೆಯುತ್ತವೆ. ಮರದಂತೆ ಗಟ್ಟಿಯಾದ ಭಾಗದ ಲಿಗ್ನಿನ್ ಆಮ್ಲಜನಕವಿಲ್ಲದೆಡೆ ಕರಗುವುದೇ ಇಲ್ಲವಾದ್ದರಿಂದ ಅಂಥದ್ದನ್ನು ಹಾಕಿ ಪ್ರಯೋಜನವಿಲ್ಲ. ತೆಳ್ಳಗೆ ಮಾಡಲು ಹೊಸ ನೀರಿನ ಬದಲು ಹೊರಗುಂಡಿಯ ತಿಳಿಯನ್ನೇ ಬೆರೆಸಿ, ಅದರೊಂದಿಗೆ ಬೈಕಾರ್ಬನೇಟೂ ಜೀವಿಗಳೂ ವಾಪಸು ಹೋಗುತ್ತವೆ. ನಿಂಬೆ, ಕಿತ್ತಳೆಯ ಸಿಪ್ಪೆಯನ್ನು ರಾಶಿಯಾಗಿ ಹಾಕಬೇಡಿ. ಅವುಗಳ ಎಣ್ಣೆಯಲ್ಲಿರುವ ಲಿಮೊನೀನ್ ಸೂಕ್ಷ್ಮಜೀವಿಗಳಿಗೆ ವಿಷ. ಬೇರುಗಡ್ಡೆಗಳಿಗೆ ಅಂಟಿದ ಮಣ್ಣನ್ನು ತೊಳೆದು ಹಾಕಿ, ಇಲ್ಲವಾದರೆ ಮರಳು ತಳದಲ್ಲಿ ಕೂತು ವರ್ಷದಿಂದ ವರ್ಷಕ್ಕೆ ತೊಟ್ಟಿಯ ಗಾತ್ರವನ್ನೇ ತಿನ್ನುತ್ತದೆ.

5 ಕಿಲೋ ಸಗಣಿಯನ್ನು ಕೊನೆತನಕ ಮುಂದುವರಿಸಲು ಹೇಳಿದ್ದಕ್ಕೆ ಕಾರಣ ಬರೀ ಕ್ಷಾರವಲ್ಲ. ಮೀಥೇನ್ ತಯಾರಿಯ ಕೊನೆಯ ಹೆಜ್ಜೆಯನ್ನು ನಡೆಸುವ ಸಹಕಿಣ್ವದ ನಡುವೆ ನಿಕ್ಕಲಿನ ಒಂದು ಪರಮಾಣು ಕೂತಿದೆ. ಕೋಬಾಲ್ಟ್, ಕಬ್ಬಿಣ, ಮಾಲಿಬ್ಡಿನಂಗಳೂ ಈ ಜೀವಿಗಳಿಗೆ ಲೇಶಮಾತ್ರವಾದರೂ ಬೇಕೇಬೇಕು. ತರಕಾರಿಯಲ್ಲಿ ಇವು ಸಾಲದು. ಬರೀ ತರಕಾರಿ ಹಾಕಿದ ತೊಟ್ಟಿಗಳು ಹಲವು ತಿಂಗಳು ಚೆನ್ನಾಗಿ ನಡೆದು, ಏನೂ ಬದಲಾಗದಿದ್ದರೂ ಮಂಕಾಗುವುದು ಹೆಚ್ಚಾಗಿ ಈ ಕೊರತೆಯಿಂದಲೇ.

ಇಡೀ 80 ಕಿಲೋವನ್ನು ಬಳಸಲೇಬೇಕೆಂಬ ಹಟ ನಿಮಗಿದ್ದರೆ ಎರಡು ತೊಟ್ಟಿಗಳ ಏರ್ಪಾಡು ಯೋಚಿಸಬಹುದು. ಹುಳಿ ಮಾಡುವ ಹಂತವನ್ನೂ ಮೀಥೇನ್ ಮಾಡುವ ಹಂತವನ್ನೂ ಬೇರ್ಪಡಿಸುವ ಈ ವಿಚಾರವನ್ನು 1971ರಲ್ಲಿ ಪೋಲ್ಯಾಂಡ್ ಮತ್ತು ಘೋಷ್ ಎಂಬ ಇಬ್ಬರು ಸಂಶೋಧಕರು ಮಂಡಿಸಿದರು. ಮೊದಲ ಸಣ್ಣ ತೊಟ್ಟಿಯಲ್ಲಿ ತರಕಾರಿ ಎರಡರಿಂದ ನಾಲ್ಕು ದಿನ ಕೊಳೆತು ಬೇಕಾದಷ್ಟು ಹುಳಿಯಾಗಲಿ. ಅಲ್ಲಿಂದ ಹುಳಿ ರಸವನ್ನು ಅಳತೆಮಾಡಿ, ಎರಡನೆಯ ತೊಟ್ಟಿ ತಡೆಯುವಷ್ಟನ್ನೇ ಬಿಡಬೇಕು. ಹುಳಿಯನ್ನು ತಡೆಯುವುದರ ಬದಲು ಅದಕ್ಕೊಂದು ಜಾಗ ಮಾಡಿಕೊಡುವ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಆದರೆ ಇದಕ್ಕೆ ದಿನವೂ ಗಮನ ಕೊಡುವ ಒಬ್ಬ ವ್ಯಕ್ತಿ ಬೇಕು. ಒಂದೇ ತೊಟ್ಟಿಯನ್ನು ಆರು ತಿಂಗಳು ತಪ್ಪಿಲ್ಲದೆ ನಡೆಸಿದ ಮೇಲೆ ಇದಕ್ಕೆ ಕೈಹಾಕುವುದು ಒಳ್ಳೆಯದು.

ದಿನದ ತಪಾಸಣೆಗೆ ಹಾಕಿದ ತೂಕ, ಡ್ರಮ್ಮು ಎದ್ದ ಎತ್ತರ, ಜ್ವಾಲೆಯ ಬಣ್ಣ ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಡಿ. ವಾರಕ್ಕೊಮ್ಮೆ ಒಂದು ಪರೀಕ್ಷೆ ಮಾಡಲು ಸಾಧ್ಯವಾದರೆ ರೋಗವನ್ನು ಪಿಎಚ್‌ಗಿಂತ ಬಹಳ ಮುಂಚೆಯೇ ಹಿಡಿಯಬಹುದು. ಸೋಸಿದ ಬಗ್ಗಡದ ತಿಳಿಗೆ ತೆಳು ಸಲ್ಫ್ಯೂರಿಕ್ ಆಮ್ಲವನ್ನು ತೊಟ್ಟುತೊಟ್ಟಾಗಿ ಬಿಡುತ್ತ, ಪಿಎಚ್ ಮೀಟರಿನಲ್ಲಿ 5.75 ಬರುವವರೆಗೆ ಎಷ್ಟು ಮಿಲಿಲೀಟರ್ ಹಿಡಿಯಿತು, ಅಲ್ಲಿಂದ 4.3ಕ್ಕೆ ಇಳಿಯಲು ಮತ್ತೆಷ್ಟು ಹಿಡಿಯಿತು ಎಂದು ಗುರುತುಹಾಕಿಕೊಳ್ಳಿ. ಮೊದಲನೆಯದು ಹೆಚ್ಚುಕಡಿಮೆ ಬೈಕಾರ್ಬನೇಟಿನ ಬಲ, ಎರಡನೆಯದು ಕೂಡಿಬಿದ್ದ ಆಮ್ಲಗಳ ಸೂಚನೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ 0.3ಕ್ಕಿಂತ ಕಡಿಮೆ ಬಂದರೆ ನಿಶ್ಚಿಂತೆ. ವಾರದಿಂದ ವಾರಕ್ಕೆ ಅದು ಏರುತ್ತಿದ್ದರೆ ಒಲೆ ಚೆನ್ನಾಗಿ ಉರಿಯುತ್ತಿದ್ದರೂ ತರಕಾರಿಯನ್ನು ಅರ್ಧಕ್ಕೆ ಇಳಿಸಿ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇದು ಕಾಲು ಗಂಟೆಯ ಕೆಲಸ. ಉಷ್ಣತೆಯ ಬಗ್ಗೆ ಒಂದೇ ಮಾತು: ಈ ಜೀವಿಗಳಿಗೆ 35ರಿಂದ 37 ಡಿಗ್ರಿ ಸೆಲ್ಸಿಯಸ್ ಹಿತ, ಬಗ್ಗಡ 20 ಡಿಗ್ರಿಗಿಂತ ತಣ್ಣಗಾದರೆ ಮೇಲೆ ಹೇಳಿದ ಮಿತಿಗಳನ್ನು ಅರ್ಧ ಎಂದು ತಿಳಿಯಿರಿ.

ಇಷ್ಟೆಲ್ಲ ಮಾಡಿದರೆ ಸಿಗುವುದೆಷ್ಟು? ಒಂದು ಕಿಲೋ ಸಾವಯವ ಒಣ ಅಂಶದಿಂದ 0.3 ಘನಮೀಟರ್ ಮೀಥೇನ್ ಎಂದು ಹಿಡಿಯುವುದು ಬಿಗಿಯಾದ, ನಂಬಬಹುದಾದ ಅಂದಾಜು. 50 ಕಿಲೋ ತರಕಾರಿಯ 4.5 ಕಿಲೋದಿಂದ 1.35 ಘನಮೀಟರ್ ಮೀಥೇನ್, ಅಂದರೆ ಶೇ. 60 ಮೀಥೇನ್ ಇರುವ ಸುಮಾರು 2.25 ಘನಮೀಟರ್ ಜೈವಿಕ ಅನಿಲ. ಸಕ್ಕರೆಯ ಅಣುವೊಂದು ಒಡೆದರೆ ಕಾಗದದ ಲೆಕ್ಕದಲ್ಲಿ ಮೂರು ಪಾಲು ಮೀಥೇನ್, ಮೂರು ಪಾಲು ಡೈಆಕ್ಸೈಡ್ ಬರಬೇಕು. ಮೀಥೇನಿನ ಪಾಲು ಅರ್ಧಕ್ಕಿಂತ ಹೆಚ್ಚು ಕಾಣುವುದು ಡೈಆಕ್ಸೈಡ್ ಒಂದಿಷ್ಟು ನೀರಿನಲ್ಲೇ ಕರಗಿ ಉಳಿಯುವುದರಿಂದ ಮತ್ತು ಪ್ರೋಟೀನು, ಕೊಬ್ಬುಗಳಿಂದ ಹೆಚ್ಚು ಮೀಥೇನ್ ಬರುವುದರಿಂದ. ಒಂದು ಘನಮೀಟರ್ ಮೀಥೇನಿನಲ್ಲಿ ಸುಮಾರು 36 ಮೆಗಾಜೌಲ್ ಶಾಖವಿದೆ. ನಿಮ್ಮ ದಿನದ ಅನಿಲದ ಶಾಖ ಸುಮಾರು 49 ಮೆಗಾಜೌಲ್, ಅದು ಸುಮಾರು ಒಂದು ಕಿಲೋ ಎಲ್‌ಪಿಜಿಗೆ ಸಮ. 50 ಕಿಲೋ ಕಸಕ್ಕೆ ಒಂದೇ ಕಿಲೋ ಎಂದು ನಿರಾಶರಾಗಬೇಡಿ. ಆ ಕಸದಲ್ಲಿ 45 ಕಿಲೋ ನೀರೇ ಇತ್ತು. ಅದನ್ನು ಒಣಗಿಸಿ ಉರಿಸಲು ಹೊರಟಿದ್ದರೆ ಬರುವ ಶಾಖಕ್ಕಿಂತ ಹೆಚ್ಚಿನದನ್ನು ಆ ನೀರು ಆರಿಸುವುದಕ್ಕೇ ಖರ್ಚುಮಾಡಬೇಕಾಗುತ್ತಿತ್ತು. ಒದ್ದೆ ವಸ್ತುವಿನಿಂದ ಒಣಗಿಸದೆಯೇ ಇಂಧನ ತೆಗೆಯುವ ಸುಲಭ ದಾರಿ ಇದು, ಜೊತೆಗೆ ತರಕಾರಿಯ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಬಹುಪಾಲು ಹಾಗೆಯೇ ಬಗ್ಗಡದಲ್ಲಿ ಉಳಿದು ಹೊಲಕ್ಕೆ ಹೋಗುತ್ತವೆ.

ಅನಿಲದ ಕೊಳವೆಯನ್ನು ತಗ್ಗಿನ ಕಡೆಗೆ ಇಳಿಜಾರಾಗಿಟ್ಟು ಅಲ್ಲೊಂದು ನೀರಿನ ಬಲೆ ಕೂರಿಸಿ, ಏಕೆಂದರೆ ಅನಿಲ ತೇವಾಂಶದಿಂದ ತುಂಬಿಕೊಂಡೇ ಹೊರಡುತ್ತದೆ. ಕೋಸು, ಈರುಳ್ಳಿ, ಮೂಲಂಗಿಯಂತಹ ಗಂಧಕ ಹೆಚ್ಚಿರುವ ತರಕಾರಿಗಳಿಂದ ಹೈಡ್ರೋಜನ್ ಸಲ್ಫೈಡೂ ಬರುತ್ತದೆ, ಅದು ಲೋಹವನ್ನು ತಿನ್ನುತ್ತದೆ. ತುಕ್ಕುಹಿಡಿದ ಕಬ್ಬಿಣದ ಚೂರು ತುಂಬಿದ ಕೊಳವೆಯ ಮೂಲಕ ಹಾಯಿಸಿದರೆ ತುಕ್ಕು ಅದನ್ನು ಕಬ್ಬಿಣದ ಸಲ್ಫೈಡಾಗಿ ಹಿಡಿದುಕೊಳ್ಳುತ್ತದೆ. ಕಪ್ಪಾದ ಆ ಚೂರುಗಳನ್ನು ಹೊರತೆಗೆಯುವಾಗ ನೀರು ಚಿಮುಕಿಸಿ ಬಯಲಿನಲ್ಲಿ ಹರಡಿ. ಗಾಳಿ ತಗುಲಿದೊಡನೆ ಅವು ಕಾದು ಬೆಂಕಿ ಹತ್ತುವಷ್ಟು ಬಿಸಿಯಾಗಬಲ್ಲವು. ಕೊಳೆತ ಮೊಟ್ಟೆಯ ವಾಸನೆ ಇದ್ದಕ್ಕಿದ್ದಂತೆ ನಿಂತರೆ ಅನಿಲ ಹೋಯಿತೆಂದು ತಿಳಿಯಬೇಡಿ, ಪ್ರಮಾಣ ಹೆಚ್ಚಾದಾಗ ಸಲ್ಫೈಡ್ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ತೊಟ್ಟಿಯ ಮರಳು ತೆಗೆಯಲು ಯಾರನ್ನೂ, ಎಷ್ಟೇ ಹೊತ್ತು ಗಾಳಿಯಾಡಿಸಿದ ಮೇಲೂ, ಒಳಗೆ ಇಳಿಸಬೇಡಿ. ಪಂಪಿನಿಂದ ಹೊರಗಿಂದಲೇ ತೆಗೆಸಿ. ಡೈಜೆಸ್ಟರುಗಳಲ್ಲಿ ಜೀವಗಳು ಹೋಗುವುದು ಹೆಚ್ಚಾಗಿ ಹಾಗೆ ಇಳಿದಾಗಲೇ.

ಇನ್ನು ಸಿಲಿಂಡರಿನ ಮಾತು. ಇದನ್ನು ಸ್ಪಷ್ಟವಾಗಿ ಬೇಡವೆನ್ನುತ್ತೇನೆ. ಎಲ್‌ಪಿಜಿಯಲ್ಲಿರುವ ಪ್ರೋಪೇನ್, ಬ್ಯುಟೇನ್‌ಗಳು ಸಾಮಾನ್ಯ ಉಷ್ಣತೆಯಲ್ಲೇ ಸ್ವಲ್ಪ ಒತ್ತಿದರೆ ದ್ರವವಾಗುತ್ತವೆ, ಆದ್ದರಿಂದಲೇ ಅಷ್ಟು ಚಿಕ್ಕ ಪಾತ್ರೆಯಲ್ಲಿ 14 ಕಿಲೋ ಹಿಡಿಯುತ್ತದೆ. ಮೀಥೇನನ್ನು ಮೈನಸ್ 82 ಡಿಗ್ರಿಗಿಂತ ತಣ್ಣಗಾಗಿಸದೆ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಅನಿಲವಾಗಿಯೇ ವಾಹನಕ್ಕೆ ಬೇಕಾದಷ್ಟು ತುಂಬಬೇಕಾದರೆ ಒತ್ತಡ 200 ಬಾರ್ ದಾಟಬೇಕು. ಅಡುಗೆ ಅನಿಲದ ಸಿಲಿಂಡರ್ ಅಂಥ ಒತ್ತಡಕ್ಕೆ ಮಾಡಿದ್ದಲ್ಲ, ಒಡೆಯುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಜೋಡಿಸಿ ಕಡಿಮೆ ಒತ್ತಡದಲ್ಲಿ ತುಂಬುವ ಪ್ರಯೋಗಗಳೂ ಅಪಾಯಕರ, ಏಕೆಂದರೆ ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ ಬೆರೆತರೆ ಅದು ಸಿಡಿಯುವ ಮಿಶ್ರಣ, ಸೋರುವ ಜೋಡಣೆಯೊಂದೇ ಸಾಕು. ವಾಹನದ ಇಂಧನವಾಗಬೇಕಾದರೆ ಮೊದಲು ಡೈಆಕ್ಸೈಡ್ ತೆಗೆದು ಮೀಥೇನನ್ನು ಶೇ. 95ಕ್ಕೆ ಏರಿಸಬೇಕು. ದೊಡ್ಡ ಘಟಕಗಳಲ್ಲಿ ಒತ್ತಡದ ನೀರಿನಲ್ಲಿ ತೊಳೆದು ಇದನ್ನು ಮಾಡುತ್ತಾರೆ, ಡೈಆಕ್ಸೈಡ್ ನೀರಿನಲ್ಲಿ ಮೀಥೇನಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಕರಗುವ ಗುಣವೇ ಅದಕ್ಕೆ ಆಧಾರ. ಆಮೇಲೆ ಒಣಗಿಸಿ, ಅದಕ್ಕೆಂದೇ ಮಾಡಿದ ದಪ್ಪ ಸಿಲಿಂಡರಿಗೆ ತುಂಬುತ್ತಾರೆ. ನಿಮ್ಮ ದಿನದ 1.35 ಘನಮೀಟರ್ ಮೀಥೇನಿನ ತೂಕ ಒಂದು ಕಿಲೋಗೂ ಕಡಿಮೆ. ಒಂದು ಕಾರಿನ ಟ್ಯಾಂಕು ತುಂಬಲು ಹತ್ತು ದಿನ ಕಾಯಬೇಕು. ದಿನಕ್ಕೆ ಹಲವು ಟನ್ ತ್ಯಾಜ್ಯ ಬರುವಲ್ಲಿ ಮಾತ್ರ ಆ ಯಂತ್ರಗಳಿಗೆ ಅರ್ಥವಿದೆ.

ನಿಮ್ಮ ಅನಿಲಕ್ಕೆ ತಕ್ಕ ಕೆಲಸ ಡೈಜೆಸ್ಟರಿನ ಪಕ್ಕದಲ್ಲೇ ಇದೆ. ಗಂಟೆಗೆ 0.4 ಘನಮೀಟರ್ ಉರಿಸುವ ಒಲೆಯೊಂದನ್ನು 2.25 ಘನಮೀಟರ್ ಅನಿಲ ಐದೂವರೆ ಗಂಟೆ ನಡೆಸುತ್ತದೆ. ಒಲೆ ಜೈವಿಕ ಅನಿಲಕ್ಕೆಂದೇ ಮಾಡಿದ, ತೂತು ದೊಡ್ಡದಿರುವ ಬರ್ನರಿನದಾಗಿರಲಿ. ಎಲ್‌ಪಿಜಿ ಒಲೆಯ ಸಣ್ಣ ತೂತಿನಲ್ಲಿ ಸಾಕಷ್ಟು ಅನಿಲ ಹಾಯುವುದಿಲ್ಲ. ಬಳಸಿ ಉಳಿದ ಅನಿಲವನ್ನು ಹಾಗೆಯೇ ಬಯಲಿಗೆ ಬಿಡಬೇಡಿ, ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಬಿಸಿಯಾಗಿಸುವುದು ಡೈಆಕ್ಸೈಡಿಗಿಂತ 27 ಪಟ್ಟು ಹೆಚ್ಚು. ಉಳಿದದ್ದರಿಂದ ನೀರು ಕಾಯಿಸಿ, ಆ ಬಿಸಿನೀರನ್ನು ಚಳಿಗಾಲದ ಬೆಳಗ್ಗೆ ತರಕಾರಿಗೆ ಬೆರೆಸುವ ತಿಳಿಯೊಂದಿಗೆ ಒಂದು ಕೊಡ ಸೇರಿಸಿ ಹಾಕಿ.